ಬಿಟ್ಟ ಮೂರನೇ ರಾತ್ರಿ: ಮಂಡ್ಯದ ಆಲೆಮನೆ ಕೆಲಸಗಾರನೊಬ್ಬನ ಪ್ರಕರಣ

ಗುರುವಾರ ಬೆಳಿಗ್ಗೆ ಆರು ಗಂಟೆಗೆ 108ರಲ್ಲಿ ಜಿಲ್ಲಾ ಆಸ್ಪತ್ರೆಗೆ ಬಂದ ರೋಗಿಗೆ 42 ವರ್ಷ. ಮೈಯೆಲ್ಲ ಬೆವರು, ಅಂಗಿ ಹಿಂಡಿದರೆ ನೀರು ಬರುವಷ್ಟು. ಎರಡೂ ಕೈ ಮುಷ್ಟಿ ಕಟ್ಟಿಕೊಂಡು, ಇಲ್ಲದ ಕೋಲೊಂದನ್ನು ಹಿಡಿದು, ಇಲ್ಲದ ಕೊಪ್ಪರಿಗೆಯಲ್ಲಿ ಪಾಕ ತಿರುವುತ್ತಿದ್ದ. "ಉರಿ ಕಮ್ಮಿ ಮಾಡ್ರುಲಾ, ಸೀದೋಯ್ತದೆ" ಎಂದು ಸ್ಟ್ರೆಚರ್ ಮೇಲಿಂದಲೇ ಕೂಗುತ್ತಿದ್ದ. ನಡುನಡುವೆ ಮೊಣಕೈ ಮೇಲಿನ ಇರುವೆ ಕೊಡವುತ್ತಿದ್ದ. ಅಲ್ಲಿ ಇರುವೆಯೇನೂ ಇರಲಿಲ್ಲ.

ಜೊತೆಗಿದ್ದ ಹೆಂಡತಿ ಹೇಳಿದ್ದು ಇಷ್ಟು: "ಭಾನ್ವಾರದಿಂದ ಒಂದ್ ತೊಟ್ಟೂ ಮುಟ್ಟಿಲ್ಲ ಕಣ್ ಸಾ. ಕುಡೀತಿದ್ದಾಗ್ಲೇ ನೆಟ್ಗಿದ್ರು, ಬುಟ್ ಮ್ಯಾಲೆ ಹಿಂಗಾದ್ರು."

ರೋಗನಿರ್ಣಯದ ಮುಕ್ಕಾಲು ಪಾಲು ಆ ಮಾತಿನಲ್ಲೇ ಇದೆ. ಕೇಳಿಸಿಕೊಳ್ಳುವವರು ಅದನ್ನು ಹೆಂಡತಿಯ ಗೊಣಗಾಟವೆಂದು ತಳ್ಳಿಹಾಕಬಾರದು. ಮೆದುಳಿನ ರಸಾಯನದ ಲೆಕ್ಕದಲ್ಲಿ ಅದು ಅಕ್ಷರಶಃ ನಿಜ.

ಇದು ಒಬ್ಬನೇ ವ್ಯಕ್ತಿಯ ಕಡತವಲ್ಲ. ಮಂಡ್ಯ ಜಿಲ್ಲೆಯ ಹಳ್ಳಿಗಳಿಂದ ಇದೇ ಬಗೆಯಲ್ಲಿ ಬರುವವರಲ್ಲಿ ಕಾಣುವ ಲಕ್ಷಣಗಳನ್ನೂ ಪರೀಕ್ಷೆಯ ಅಂಕಿಗಳನ್ನೂ ಒಂದೆಡೆ ಹೊಂದಿಸಿ ಬರೆದದ್ದು. ವ್ಯಕ್ತಿ ಕಲ್ಪಿತ, ಕಾಯಿಲೆ, ಅದರ ಗಂಟೆಗಳ ಲೆಕ್ಕ, ಔಷಧಿಯ ಪ್ರಮಾಣ ಕಲ್ಪಿತವಲ್ಲ. ಇಲ್ಲಿ ಬರುವ ಚುಚ್ಚುಮದ್ದುಗಳೆಲ್ಲ ಆಸ್ಪತ್ರೆಯಲ್ಲಿ, ಉಸಿರಾಟ ನೋಡಿಕೊಳ್ಳುವವರ ಮುಂದೆ ಕೊಡುವಂಥವು.

ಎಷ್ಟು ಕುಡಿಯುತ್ತಿದ್ದ

"ದಿನಾ ಸ್ವಲ್ಪ" ಎನ್ನುವುದು ಉತ್ತರವಲ್ಲ. ಪ್ಯಾಕೆಟ್ ಎಣಿಸಬೇಕು. ಈತ 19ನೇ ವಯಸ್ಸಿಗೆ ಸಾರಾಯಿ ಪ್ಯಾಕೆಟ್‌ನಿಂದ ಶುರುಮಾಡಿದವ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತ ಮೇಲೆ ಅಗ್ಗದ ವಿಸ್ಕಿಗೆ ಬಂದ. ಕಳೆದ ಎಂಟು ವರ್ಷ ಒಂದು ದಿನವೂ ತಪ್ಪಿಲ್ಲ. ದಿನಕ್ಕೆ ಆರು 'ನೈಂಟಿ', ಅಂದರೆ 90 ಮಿ.ಲೀ.ನ ಆರು ಟೆಟ್ರಾ ಪ್ಯಾಕ್. ಅದರಲ್ಲಿ ಶೇ 42.8ರಷ್ಟು ಆಲ್ಕೋಹಾಲ್. ಒಂದು ಮಿ.ಲೀ. ಆಲ್ಕೋಹಾಲ್ ತೂಗುವುದು 0.79 ಗ್ರಾಂ. ಆದ್ದರಿಂದ ಒಂದು ನೈಂಟಿಯಲ್ಲಿ ಸುಮಾರು 30 ಗ್ರಾಂ, ಆರಕ್ಕೆ 180 ಗ್ರಾಂ. ಗಂಡಸರಲ್ಲಿ ದಿನಕ್ಕೆ 100 ಗ್ರಾಂ ದಾಟಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು 'ಅತಿ ಹೆಚ್ಚು ಅಪಾಯ'ದ ಸಾಲಿಗೆ ಸೇರಿಸುತ್ತದೆ. ಈತನ ತೂಕ 51 ಕೆ.ಜಿ.

ಇದಕ್ಕಿಂತ ಮುಖ್ಯ ಮೊದಲ ಪ್ಯಾಕೆಟ್‌ನ ಹೊತ್ತು. ಬೆಳಿಗ್ಗೆ ಐದಕ್ಕೆ, ಹಲ್ಲುಜ್ಜುವ ಮುಂಚೆ. ಕೈ ನಡುಗುತ್ತಿದ್ದುದರಿಂದ ಹಲ್ಲಿನಲ್ಲೇ ಕಚ್ಚಿ ಹರಿಯುತ್ತಿದ್ದ. ಕಾಲು ಗಂಟೆಯಲ್ಲಿ ನಡುಕ ನಿಲ್ಲುತ್ತಿತ್ತು. ಲಿವರ್ ಸಾಮಾನ್ಯವಾಗಿ ಗಂಟೆಗೆ 7ರಿಂದ 10 ಗ್ರಾಂ ಆಲ್ಕೋಹಾಲ್ ಕರಗಿಸುತ್ತದೆ, ದಿನನಿತ್ಯ ಕುಡಿಯುವವರಲ್ಲಿ ಇನ್ನೂ ಬೇಗ. ರಾತ್ರಿ ಒಂಬತ್ತಕ್ಕೆ ಕೊನೆಯ ಪ್ಯಾಕೆಟ್ ಮುಗಿಸಿದವನ ರಕ್ತ ಬೆಳಗಿನ ಜಾವದ ಹೊತ್ತಿಗೆ ಹೆಚ್ಚುಕಡಿಮೆ ಬರಿದಾಗಿರುತ್ತದೆ. ಐದು ಗಂಟೆಯ ಆ ನಡುಕ ಚಳಿಯಿಂದಲ್ಲ, ದಣಿವಿನಿಂದಲೂ ಅಲ್ಲ. ಪ್ರತಿದಿನ ಬೆಳಿಗ್ಗೆ ಆತನ ಮೈಯಲ್ಲಿ ಕುಡಿತ ಬಿಟ್ಟಾಗಿನ ಕಾಯಿಲೆ ಶುರುವಾಗುತ್ತಿತ್ತು, ಪ್ರತಿದಿನ ಒಂದು ನೈಂಟಿ ಅದನ್ನು ಮುಂದೂಡುತ್ತಿತ್ತು. ಕುಡಿತದ ಬಗ್ಗೆ ಒಂದೇ ಪ್ರಶ್ನೆ ಕೇಳಲು ಸಮಯವಿದ್ದರೆ "ಬೆಳಿಗ್ಗೆ ಎದ್ದ ತಕ್ಷಣ ಬೇಕಾಗುತ್ತಾ?" ಎಂದೇ ಕೇಳಬೇಕು. ಹೌದೆಂದವರು ಮನೆಯಲ್ಲಿ ತಾವೇ ಒಂದೇ ಏಟಿಗೆ ಬಿಡುವಂತಿಲ್ಲ.

ಊಟದ ಲೆಕ್ಕವೂ ಬೇಕು. ಮಧ್ಯಾಹ್ನ ಅರ್ಧ ಮುದ್ದೆ, ಸಂಜೆ ಪ್ಯಾಕೆಟ್ ಜೊತೆ ಖಾರದ ಕಡಲೆ. ಬೆಳಗಿನ ತಿಂಡಿಯೆಂಬುದು ವರ್ಷಗಳಿಂದ ಇಲ್ಲ. ಈ ಮಾಹಿತಿ ಮುಂದೆ ಕೆಲಸಕ್ಕೆ ಬರುತ್ತದೆ.

ನಾಲ್ಕು ದಿನ, 81 ಗಂಟೆ

ಕೊನೆಯ ಪ್ಯಾಕೆಟ್ ಭಾನುವಾರ ರಾತ್ರಿ ಒಂಬತ್ತಕ್ಕೆ. ಸೋಮವಾರ ಬೆಳಿಗ್ಗೆ ಮಾದಪ್ಪನ ಗುಡಿಯಲ್ಲಿ ಆಣೆ ಮಾಡಿ ಬಿಟ್ಟ. ಮಗಳ ಮದುವೆ ಮಾತುಕತೆ ನಡೆದಿತ್ತು, ಬೀಗರ ಮುಂದೆ ಮಾನ ಉಳಿಯಬೇಕಿತ್ತು. ಬಿಡಬೇಕೆಂಬ ನಿರ್ಧಾರದಲ್ಲಿ ತಪ್ಪೇನಿಲ್ಲ. ಆಣೆಯ ಮೇಲೆ ಬಿಟ್ಟು ಗೆದ್ದವರೂ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಬೆಳಗಿನ ನಡುಕ ಇರುವುದಿಲ್ಲ.

ಗುಡಿಗೆ ಹೊರಡುವ ಮೊದಲೇ, ಎಂಟನೇ ಗಂಟೆಗೆ, ಕೈನಡುಕ, ವಾಂತಿ, ಎದೆಬಡಿತ ಶುರುವಾಗಿತ್ತು. ಇದು 6ರಿಂದ 24 ಗಂಟೆಯೊಳಗೆ ಬರುವ ಮೊದಲ ಹಂತ. ಸೋಮವಾರ ರಾತ್ರಿ ಹನ್ನೊಂದಕ್ಕೆ, 26ನೇ ಗಂಟೆಯಲ್ಲಿ, ಫಿಟ್ಸ್ ಬಂತು: ಎರಡು ನಿಮಿಷ ಕೈಕಾಲು ಸೆಟೆದು ಒದ್ದಾಡಿ, ನಾಲಿಗೆ ಕಚ್ಚಿಕೊಂಡ. ಮನೆಯವರು ಕೈಗೆ ಬೀಗದ ಕೈ ಗೊಂಚಲು ಕೊಟ್ಟರು, ಈರುಳ್ಳಿ ಮೂಸಿಸಿದರು. ಕಬ್ಬಿಣದಿಂದ ಫಿಟ್ಸ್ ನಿಲ್ಲುವುದಿಲ್ಲ. ಅದು ಎರಡು ಮಿನಿಟಿಗೆ ತಾನಾಗಿ ನಿಲ್ಲುವಂಥದ್ದು, ನಿಂತಾಗ ಕೀರ್ತಿ ಬೀಗದ ಕೈಗೆ ಹೋಗುತ್ತದೆ. ಮಾಡಬೇಕಾದದ್ದು ಒಂದು ಮಗ್ಗುಲಿಗೆ ಹೊರಳಿಸುವುದು, ಬಾಯಿಗೆ ಏನನ್ನೂ ತುರುಕದಿರುವುದು, ಗಡಿಯಾರ ನೋಡುವುದು. ಐದು ನಿಮಿಷ ದಾಟಿದರೆ, ಅಥವಾ ಪ್ರಜ್ಞೆ ಬರುವ ಮುಂಚೆ ಇನ್ನೊಂದು ಬಂದರೆ, ಆ ಕ್ಷಣವೇ 108. ಕುಡಿತ ಬಿಟ್ಟವನಿಗಾದರೆ ಒಂದೇ ಸಲ ಬಂದು ನಿಂತರೂ ಆ ರಾತ್ರಿಯೇ ಆಸ್ಪತ್ರೆ.

ಆಲ್ಕೋಹಾಲ್ ಬಿಟ್ಟಾಗಿನ ಫಿಟ್ಸ್ 6ರಿಂದ 48 ಗಂಟೆಯ ನಡುವೆ ಬರುತ್ತದೆ. ಅದು ಬಂದವರಲ್ಲಿ ಒಂದು ಪಾಲು ಜನ ಒಂದೆರಡು ದಿನದಲ್ಲಿ ಸನ್ನಿಗೆ, ಅಂದರೆ ಇಲ್ಲದ್ದು ಕಾಣುವ, ಹೊತ್ತುಗೊತ್ತು ತಿಳಿಯದ ಸ್ಥಿತಿಗೆ ಜಾರುತ್ತಾರೆ. ಅಂದರೆ ಫಿಟ್ಸ್ ಇಲ್ಲಿ ಎಚ್ಚರಿಕೆಯ ಗಂಟೆ. ಮಂಗಳವಾರ ಬೆಳಿಗ್ಗೆ ಹತ್ತಿರದ ಕ್ಲಿನಿಕ್ಕೊಂದರಲ್ಲಿ ಎರಡು ಗ್ಲೂಕೋಸ್ ಬಾಟಲ್ ಹಾಕಿ, ಫೆನಿಟಾಯಿನ್ ಮಾತ್ರೆ ಬರೆದು ಮನೆಗೆ ಕಳಿಸಿದರು. ಎರಡೂ ಕೆಲಸಕ್ಕೆ ಬಾರದವು, ಮೊದಲನೆಯದು ಅದಕ್ಕಿಂತಲೂ ಕೆಟ್ಟದ್ದು. ಫೆನಿಟಾಯಿನ್ ಮೂರ್ಛೆರೋಗಕ್ಕೆ ಒಳ್ಳೆಯ ಔಷಧಿ, ಆದರೆ ಮದ್ಯ ಬಿಟ್ಟಾಗಿನ ಫಿಟ್ಸ್ ಮರುಕಳಿಸುವುದನ್ನು ಅದು ತಡೆಯುವುದಿಲ್ಲ. ಗ್ಲೂಕೋಸ್ ಸಂಗತಿ ಬೇರೆಯೇ ಉದ್ದದ್ದು.

ಬುಧವಾರ ರಾತ್ರಿ ಎಂಟಕ್ಕೆ, 71ನೇ ಗಂಟೆಯಲ್ಲಿ, ಸನ್ನಿ. ಹೊತ್ತು ಯಾವುದು, ಎದುರಿಗಿರುವವರು ಯಾರು ಎಂಬುದೆಲ್ಲ ಕಲಸಿಹೋಯಿತು. ಗೋಡೆಯಲ್ಲಿ ಇರುವೆ ಸಾಲು, ಹೊರಗೆ ಕಬ್ಬಿಗೆ ಬೆಂಕಿ. ಕೈಗಳು ತಮ್ಮ ಪಾಡಿಗೆ ಕೆಲಸ ಶುರುಮಾಡಿದವು. ಈ ಸನ್ನಿಯಲ್ಲಿ ಜನ ತಮ್ಮ ಕಸುಬನ್ನೇ ಗಾಳಿಯಲ್ಲಿ ಮಾಡುವುದುಂಟು: ದರ್ಜಿ ಸೂಜಿಗೆ ದಾರ ಪೋಣಿಸುತ್ತಾನೆ, ಡ್ರೈವರ್ ಗೇರ್ ಬದಲಿಸುತ್ತಾನೆ. ಪಾಕದವನು ಪಾಕ ತಿರುವಿದ. ಆಣೆ ಮಾಡುವಾಗ ಏನೋ ಮೈಲಿಗೆಯಾಯಿತು, ಗಾಳಿ ಸೋಕಿತು ಎಂದು ಮನೆಯವರು ವಿಭೂತಿ ಮಂತ್ರಿಸಿ ಹಾಕಿಸಿದರು. ಹತ್ತು ಗಂಟೆ ಹೋಯಿತು. ಅವರನ್ನು ಬೈದು ಉಪಯೋಗವಿಲ್ಲ. ಕುಡಿದು ಹೀಗಾಡಿದರೆ ಯಾರಿಗಾದರೂ ಅರ್ಥವಾಗುತ್ತದೆ, ಕುಡಿತ ಬಿಟ್ಟು ಮೂರು ದಿನವಾದವನು ಹೀಗಾಡಿದರೆ ಮದ್ಯದ ಮೇಲೆ ಅನುಮಾನ ಹೋಗುವುದಾದರೂ ಹೇಗೆ?

ಎತ್ತು, ಗಾಡಿ, ಬ್ರೇಕು

ಮೆದುಳಿನ ನರಕೋಶಗಳು ಒಂದನ್ನೊಂದು ಕೆರಳಿಸಲು ಬಳಸುವ ಮುಖ್ಯ ರಾಸಾಯನಿಕ ಗ್ಲುಟಮೇಟ್, ಸುಮ್ಮನಾಗಿಸಲು ಬಳಸುವುದು ಗಾಬಾ. ಗ್ಲುಟಮೇಟ್ ಗಾಡಿಗೆ ಹೂಡಿದ ಎತ್ತು, ಗಾಬಾ ಬ್ರೇಕು. ಆಲ್ಕೋಹಾಲ್ ಎರಡು ಕಡೆ ಕೈಹಾಕುತ್ತದೆ: ಗಾಬಾ-ಎ ಎಂಬ ಗ್ರಾಹಕಗಳ (ನರಕೋಶದ ಮೇಲೆ ಆ ರಾಸಾಯನಿಕವನ್ನು ಹಿಡಿದುಕೊಳ್ಳುವ ಅಣುಗಳ) ಕೆಲಸ ಹೆಚ್ಚಿಸಿ ಬ್ರೇಕ್ ಒತ್ತುತ್ತದೆ, ಗ್ಲುಟಮೇಟ್‌ನ ಎನ್‌ಎಂಡಿಎ ಗ್ರಾಹಕಗಳನ್ನು ತಡೆದು ಎತ್ತಿನ ಮೂಗುದಾರ ಎಳೆಯುತ್ತದೆ. ಮೊದಮೊದಲು ಇದರಿಂದ ಹಗುರಾಗುವುದು, ನಾಲಿಗೆ ಸಡಿಲವಾಗುವುದು, ನಿದ್ದೆ.

ದಿನವೂ ಬ್ರೇಕ್ ಒತ್ತಿಕೊಂಡೇ ಇದ್ದರೆ ಗಾಡಿ ನಡೆಯಬೇಡವೇ? ಮೆದುಳು ತಾನೇ ಸರಿಮಾಡಿಕೊಳ್ಳುತ್ತದೆ. ಗಾಬಾ ಗ್ರಾಹಕಗಳ ಸಂಖ್ಯೆಯೂ ಸ್ಪಂದನವೂ ತಗ್ಗುತ್ತವೆ, ಎನ್‌ಎಂಡಿಎ ಗ್ರಾಹಕಗಳು ಹೆಚ್ಚುತ್ತವೆ. ಬ್ರೇಕ್ ಸವೆಸಿ, ಎರಡೆತ್ತಿನ ಜಾಗದಲ್ಲಿ ನಾಲ್ಕು ಹೂಡಿದ ಹಾಗೆ. ಆಗ 180 ಗ್ರಾಂ ಒಳಗಿದ್ದರೂ ಆತ ಕುದಿಯುವ ಕೊಪ್ಪರಿಗೆಯ ಮುಂದೆ ನೆಟ್ಟಗೆ ನಿಂತು ಪಾಕದ ಹದ ನೋಡಬಲ್ಲ. 'ಎಷ್ಟು ಕುಡಿದರೂ ಅಲ್ಲಾಡಲ್ಲ' ಎಂದು ಊರಲ್ಲಿ ಹೊಗಳುತ್ತಾರಲ್ಲ, ಅದು ಗಟ್ಟಿತನವಲ್ಲ, ಒಳಗೆ ನಾಲ್ಕೆತ್ತು ಹೂಡಿರುವ ಗುರುತು.

ಸೋಮವಾರ ಆಲ್ಕೋಹಾಲ್ ಒಮ್ಮೆಲೇ ಇಲ್ಲವಾಯಿತು. ಮೂಗುದಾರ ಬಿಟ್ಟಿತು, ಬ್ರೇಕ್ ಮೊದಲೇ ಸವೆದಿತ್ತು. ಗ್ರಾಹಕಗಳು ಹಳೆಯ ಸ್ಥಿತಿಗೆ ಮರಳಲು ದಿನಗಳು, ವಾರಗಳು ಬೇಕು. ಆಲ್ಕೋಹಾಲ್ ಖಾಲಿಯಾಗಲು ಅರ್ಧ ದಿನ ಸಾಕು. ನಡುವಿನ ಆ ಕಂದಕದಲ್ಲೇ ನಡುಕ, ಫಿಟ್ಸ್, ಸನ್ನಿ ಎಲ್ಲ ನಡೆಯುವುದು. ಮೆದುಳುಕಾಂಡದಲ್ಲಿರುವ ಲೋಕಸ್ ಸೆರುಲಿಯಸ್ ಎಂಬ ಪುಟ್ಟ ಕೇಂದ್ರವೂ ಲಗಾಮು ಕಳಚಿಕೊಂಡು ನಾರ್‌ಅಡ್ರಿನಲಿನ್ ಸುರಿಯುತ್ತದೆ. ಬೆವರು, ಏರಿದ ನಾಡಿ, ಏರಿದ ಬಿಪಿ, ಜ್ವರ ಅಲ್ಲಿಂದ ಬರುತ್ತವೆ.

ಇನ್ನೊಂದು ಕ್ರೂರ ಸಂಗತಿ. ಹೀಗೆ ಬಿಟ್ಟು, ತಡೆಯಲಾರದೆ ಮತ್ತೆ ಕುಡಿದು, ಮತ್ತೆ ಬಿಡುವ ಪ್ರತಿ ಸುತ್ತಿನಲ್ಲೂ ಮೆದುಳು ಹೆಚ್ಚು ಬೇಗ ಕೆರಳುವುದನ್ನು ಕಲಿಯುತ್ತದೆ. ಮೊದಲ ಸಲ ಬರೀ ನಡುಕ, ನಾಲ್ಕನೇ ಸಲ ಫಿಟ್ಸ್. ಈತ ಆ ಎಂಟು ವರ್ಷಕ್ಕೂ ಹಿಂದೆ ಮೂರು ಸಲ ಬಿಟ್ಟಿದ್ದ. ಹೆಂಡತಿ ಅದನ್ನು ಸೋಲೆಂದು ಲೆಕ್ಕ ಇಟ್ಟಿದ್ದಳು. ವೈದ್ಯರು ಅದನ್ನು ಅಪಾಯದ ಅಂಶವೆಂದು ಬರೆದುಕೊಳ್ಳಬೇಕು.

ಗ್ಲೂಕೋಸ್ ಬಾಟಲ್ ಮಾಡಿದ್ದು

"ಸುಸ್ತಾಗೈತೆ, ಒಂದ್ ಬಾಟಲ್ ಹಾಕಿ" ಎನ್ನುವುದು ನಮ್ಮ ಕಡೆ ರೋಗಿ ಬರೆದುಕೊಡುವ ಪ್ರಿಸ್ಕ್ರಿಪ್ಷನ್. ಐದು ಪರ್ಸೆಂಟಿನ ಒಂದು ಲೀಟರ್ ಗ್ಲೂಕೋಸ್ ಎಂದರೆ 50 ಗ್ರಾಂ ಸಕ್ಕರೆ. ಸಾಮಾನ್ಯರಿಗೆ ಅದು ನಿರುಪದ್ರವಿ. ಈತನಿಗೆ ಅಲ್ಲ, ಕಾರಣ ಥಯಮಿನ್, ಅಂದರೆ ವಿಟಮಿನ್ ಬಿ1.

ಗ್ಲೂಕೋಸ್ ಉರಿದು ಶಕ್ತಿಯಾಗಲು ಜೀವಕೋಶದಲ್ಲಿ ಮೂರು ಮುಖ್ಯ ಕಿಣ್ವಗಳಿಗೆ ಥಯಮಿನ್ ಬೇಕೇ ಬೇಕು. ಮೈಯಲ್ಲಿ ಅದರ ದಾಸ್ತಾನು ಬರೀ 25ರಿಂದ 30 ಮಿ.ಗ್ರಾಂ; ಊಟದಲ್ಲಿ ಬರದಿದ್ದರೆ ಎರಡು ಮೂರು ವಾರದಲ್ಲಿ ಖಾಲಿ. ರಾಗಿಯಲ್ಲಿ ಥಯಮಿನ್ ಇದೆ, 100 ಗ್ರಾಂಗೆ ಸುಮಾರು 0.4 ಮಿ.ಗ್ರಾಂ. ಆದರೆ ಅರ್ಧ ಮುದ್ದೆಯಲ್ಲಿ ಎಷ್ಟು ಬಂದೀತು? ಬಂದಿದ್ದನ್ನೂ ಆಲ್ಕೋಹಾಲ್ ಕರುಳಿನಲ್ಲಿ ಹೀರಲು ಬಿಡುವುದಿಲ್ಲ, ಹಾಳಾದ ಲಿವರ್ ಕೂಡಿಡುವುದಿಲ್ಲ. ಥಯಮಿನ್ ಇಲ್ಲದ ಮೆದುಳಿಗೆ ಒಮ್ಮೆಲೇ ಗ್ಲೂಕೋಸ್ ಸುರಿದರೆ, ಅಳಿದುಳಿದ ಥಯಮಿನ್ ಕೂಡ ಆ ಸಕ್ಕರೆ ಉರಿಸಲು ಮುಗಿದುಹೋಗುತ್ತದೆ. ಲ್ಯಾಕ್ಟೇಟ್ ಶೇಖರವಾಗುತ್ತದೆ, ಶಕ್ತಿಯಿಲ್ಲದೆ ಕೋಶಗಳು ಸಾಯುತ್ತವೆ. ಮೊದಲು ಸಾಯುವುದು ಮೆದುಳಿನ ನಡುಭಾಗದವು: ಮ್ಯಾಮಿಲರಿ ಕಾಯಗಳು, ಥಲಾಮಸ್, ಕಣ್ಣಿನ ಚಲನೆ ನಡೆಸುವ ಕೇಂದ್ರಗಳು, ಕಿರುಮೆದುಳಿನ ಮಧ್ಯಪಟ್ಟಿ. ಇದಕ್ಕೆ ವರ್ನಿಕೆ ಎನ್‌ಸೆಫಲೋಪತಿ ಎನ್ನುತ್ತಾರೆ. ಗೊಂದಲ, ಕಣ್ಣುಗುಡ್ಡೆಯ ಅದುರಾಟ, ತೂರಾಡುವ ನಡಿಗೆ ಇದರ ಮೂರು ಗುರುತುಗಳು. ಮೂರೂ ಒಟ್ಟಿಗೆ ಕಾಣುವುದು ಕಡಿಮೆ. ಎರಡು ಇದ್ದರೆ, ಊಟವಿಲ್ಲದ ಕುಡುಕನಲ್ಲಿ ಒಂದೇ ಇದ್ದರೂ, ಚಿಕಿತ್ಸೆ ಶುರುಮಾಡಬೇಕು.

ಕ್ಲಿನಿಕ್ಕಿನಲ್ಲಿ ಬಾಟಲಿಗೆ ಬಿ-ಕಾಂಪ್ಲೆಕ್ಸ್ ಸೇರಿಸಿದ್ದರು, ಹೆಂಡತಿಗೆ ಆ ಹಳದಿ ಬಣ್ಣ ನೆನಪಿತ್ತು. ಹಳದಿ ಕೊಡುವುದು ರೈಬೋಫ್ಲೇವಿನ್, ಅದು ಬಿ2. ಅದರಲ್ಲಿ ಬಿ1 ಇದ್ದರೂ ಇಲ್ಲಿ ಬೇಕಾದ ಪ್ರಮಾಣದ ಹತ್ತಿರಕ್ಕೂ ಬರುವುದಿಲ್ಲ. ಬಣ್ಣ ನೋಡಿ ಥಯಮಿನ್ ಆಯಿತೆಂದುಕೊಳ್ಳುವುದು ಆಸ್ಪತ್ರೆಗಳಲ್ಲೂ ಆಗುವ ತಪ್ಪು.

ಇದನ್ನು ಓದಿ ಇನ್ನೊಂದು ಅತಿಗೆ ಹೋಗಬಾರದು. ಆಲ್ಕೋಹಾಲ್ ಲಿವರ್‌ನಲ್ಲಿ ಹೊಸ ಗ್ಲೂಕೋಸ್ ತಯಾರಾಗುವುದನ್ನೇ ತಡೆಯುತ್ತದೆ, ಹಸಿದು ಕುಡಿದವನ ಸಕ್ಕರೆ 40ಕ್ಕೆ ಇಳಿದಿರಬಹುದು. ಗ್ಲೂಕೋಮೀಟರ್ ಹಾಗೆ ತೋರಿಸಿದರೆ ಥಯಮಿನ್ ಹುಡುಕುತ್ತ ಕಾಯುವಂತಿಲ್ಲ, ಎರಡನ್ನೂ ಒಟ್ಟಿಗೆ ಕೊಡಬೇಕು. ಈತನ ಸಕ್ಕರೆ ಬಂದಾಗ 78 ಇತ್ತು, ಗ್ಲೂಕೋಸ್‌ಗೆ ಅವಸರವಿರಲಿಲ್ಲ.

ವಾರ್ಡಿನಲ್ಲಿ

ಬಂದಾಗ ನಾಡಿ 132, ಬಿಪಿ 168/104, ಜ್ವರ 101.5, ಉಸಿರು ನಿಮಿಷಕ್ಕೆ 26. ಕಣ್ಣು ಪಕ್ಕಕ್ಕೆ ತಿರುಗಿಸಿದರೆ ಗುಡ್ಡೆ ಅದುರುತ್ತಿತ್ತು. ನಿಲ್ಲಿಸಿದರೆ ಕಾಲು ಅಗಲಿಸಿ ಹಿಂದಕ್ಕೆ ಬೀಳುತ್ತಿದ್ದ. ರಕ್ತದಲ್ಲಿ ಪೊಟ್ಯಾಸಿಯಂ 2.9, ಮೆಗ್ನೀಸಿಯಂ 1.3 (ಎರಡೂ ಕಡಿಮೆ), ಲಿವರ್ ಕಿಣ್ವಗಳಾದ ಎಎಸ್‌ಟಿ 168, ಎಎಲ್‌ಟಿ 62, ಬಿಲಿರುಬಿನ್ 2.1, ಪ್ಲೇಟ್‌ಲೆಟ್ 94 ಸಾವಿರ, ಕೆಂಪುಕಣದ ಗಾತ್ರ ಎಂಸಿವಿ 104. ಎಎಸ್‌ಟಿ ಎಎಲ್‌ಟಿಯ ಎರಡು ಪಟ್ಟಿಗಿಂತ ಹೆಚ್ಚಿರುವುದು ಆಲ್ಕೋಹಾಲ್ ಸುಟ್ಟ ಲಿವರ್‌ನ ಸಹಿ. ಎಡ ಅಂಗಾಲಿನಲ್ಲಿ ಹಳೆಯ ಸುಟ್ಟ ಗಾಯವಿತ್ತು, ಯಾವಾಗ ಆಯಿತೆಂದು ಆತನಿಗೇ ಗೊತ್ತಿರಲಿಲ್ಲ. ಪಾದದ ನರ ಸತ್ತವನು ಒಲೆಯ ಮುಂದೆ ಬರಿಗಾಲಲ್ಲಿ ಕೆಲಸ ಮಾಡುತ್ತಿದ್ದ.

ಮೊದಲ ಅರ್ಧ ಗಂಟೆಯ ಕೆಲಸ: 500 ಮಿ.ಗ್ರಾಂ ಥಯಮಿನ್ ಅನ್ನು 100 ಮಿ.ಲೀ. ಸಲೈನ್‌ನಲ್ಲಿ ಬೆರೆಸಿ 30 ನಿಮಿಷ ಹರಿಸುವುದು. ದಿನಕ್ಕೆ ಮೂರು ಸಲ, ಮೂರು ದಿನ; ಆಮೇಲೆ ದಿನಕ್ಕೊಮ್ಮೆ 250 ಮಿ.ಗ್ರಾಂ, ಐದು ದಿನ. ಮಾತ್ರೆ ಸಾಲದು, ಕರುಳು ಅದನ್ನು ಬಿಟ್ಟುಕೊಡುವುದೇ ಅಲ್ಪ. ಜೊತೆಗೆ ಮೆಗ್ನೀಸಿಯಂ ಸಲ್ಫೇಟ್ 2 ಗ್ರಾಂ. ಮೆಗ್ನೀಸಿಯಂ ಕಡಿಮೆ ಇದ್ದರೆ ಥಯಮಿನ್ ಎಷ್ಟು ಕೊಟ್ಟರೂ ಕಿಣ್ವಗಳು ಅದನ್ನು ಬಳಸಲಾರವು, ಪೊಟ್ಯಾಸಿಯಂ ಕೂಡ ಮೇಲೇಳುವುದಿಲ್ಲ. "ಪೊಟ್ಯಾಸಿಯಂ ಹಾಕ್ತಾನೇ ಇದೀವಿ, ಏರ್ತಾ ಇಲ್ಲ" ಎನ್ನುವ ವಾರ್ಡುಗಳಲ್ಲಿ ಮೊದಲು ನೋಡಬೇಕಾದ್ದು ಮೆಗ್ನೀಸಿಯಂ.

ಸನ್ನಿಗೆ ಲೊರಾಜೆಪಾಮ್, 2 ಮಿ.ಗ್ರಾಂನಂತೆ ನರದ ಮೂಲಕ. ಪ್ರತಿ ಸಲವೂ ಉಸಿರು, ಆಮ್ಲಜನಕದ ಮಟ್ಟ ನೋಡಿ, 15–20 ನಿಮಿಷ ಬಿಟ್ಟು ಇನ್ನೊಂದು. ಮೊದಲ ಮೂರು ಗಂಟೆಯಲ್ಲಿ 10 ಮಿ.ಗ್ರಾಂ ಬೇಕಾಯಿತು. ಇದೂ ಗಾಬಾ-ಎ ಗ್ರಾಹಕದ ಮೇಲೇ ಕೆಲಸ ಮಾಡುತ್ತದೆ. ಆಲ್ಕೋಹಾಲ್ ಒತ್ತುತ್ತಿದ್ದ ಬ್ರೇಕನ್ನು ಈಗ ವೈದ್ಯರ ಕಾಲು ಒತ್ತುತ್ತದೆ, ದಿನದಿನಕ್ಕೆ ಸಡಿಲಿಸುತ್ತ ಬರುತ್ತದೆ. ಡಯಾಜೆಪಾಮ್ ಬೇಗ ಹಿಡಿಯುವ, ದೀರ್ಘ ಉಳಿಯುವ ಔಷಧಿ, ಲಿವರ್ ಚೆನ್ನಾಗಿದ್ದರೆ ಅದೇ ಮೇಲು. ಹಾಳಾದ ಲಿವರ್‌ನಲ್ಲಿ ಅದು ಶೇಖರವಾಗಿ ಮೂರನೇ ದಿನ ರೋಗಿ ಏಳುವುದೇ ಇಲ್ಲ. ಲೊರಾಜೆಪಾಮ್ ಒಂದೇ ಹಂತದಲ್ಲಿ ಕರಗುತ್ತದೆ.

ತೀವ್ರತೆ ಅಳೆಯಲು ಹತ್ತು ಅಂಶಗಳ, 67 ಅಂಕಗಳ ಸಿಐಡಬ್ಲ್ಯೂಎ ಪಟ್ಟಿ ಬಳಕೆಯಲ್ಲಿದೆ. ಆದರೆ ಅದರ ಅರ್ಧ ಪ್ರಶ್ನೆಗಳಿಗೆ ರೋಗಿ ಉತ್ತರಿಸಬೇಕು. ಪಾಕ ತಿರುವುತ್ತಿರುವವನನ್ನು "ತಲೆನೋವು ಎಷ್ಟಿದೆ?" ಎಂದು ಕೇಳಿ ಬರೆದ ಅಂಕಕ್ಕೆ ಅರ್ಥವಿಲ್ಲ. ಸನ್ನಿ ಬಂದ ಮೇಲೆ ಉದ್ವೇಗ–ಮಂಪರಿನ ಅಳತೆಗೋಲು ಸಾಕು: ಕರೆದರೆ ಕಣ್ಣು ಬಿಡಬೇಕು, ಬಿಟ್ಟರೆ ಒರಗಬೇಕು. ಹ್ಯಾಲೊಪೆರಿಡಾಲ್ ಒಂದನ್ನೇ ಕೊಟ್ಟು ಸುಮ್ಮನಾಗಿಸುವ ಆಸೆ ಬರುತ್ತದೆ, ರಾತ್ರಿ ಪಾಳಿಯಲ್ಲಂತೂ. ಅದು ಫಿಟ್ಸ್ ಹೊಸ್ತಿಲನ್ನು ತಗ್ಗಿಸುತ್ತದೆ, ಅಂದರೆ ಫಿಟ್ಸ್ ಬೇಗ ಬರುವಂತೆ ಮಾಡುತ್ತದೆ; ಲೊರಾಜೆಪಾಮ್ ಸಾಕಷ್ಟು ಆದ ಮೇಲೆ, ಇಸಿಜಿ ನೋಡಿ, ಬೇಕಿದ್ದರೆ ಮಾತ್ರ.

ಕೈಕಾಲು ಮಂಚಕ್ಕೆ ಕಟ್ಟಲಿಲ್ಲ. ಕಟ್ಟಿದರೆ ಒದ್ದಾಟ ಹೆಚ್ಚಿ ಮೈ ಕಾವೇರುತ್ತದೆ, ಸ್ನಾಯು ಕರಗಿ ಮೂತ್ರಪಿಂಡಕ್ಕೆ ಹೊರೆಯಾಗುತ್ತದೆ. ರಾತ್ರಿಯೂ ದೀಪ ಉರಿಯಿತು, ನೆರಳು ಬಿದ್ದರೆ ಇರುವೆ ಹುಟ್ಟುತ್ತವೆ. ಪಾಳಿಗೊಬ್ಬರಂತೆ ಬಂಧುಗಳು ಬದಲಾಗದೆ ತಮ್ಮ ಒಬ್ಬನೇ ಕೂತ, "ಅಣ್ಣಾ, ಮಂಡ್ಯದ ಆಸ್ಪತ್ರೇಲಿದೀಯ, ಇದು ಶುಕ್ರವಾರ" ಎಂದು ಗಂಟೆಗೊಮ್ಮೆ ಹೇಳುತ್ತಿದ್ದ. ಬಿದ್ದಿದ್ದಾನೆ, ಪ್ಲೇಟ್‌ಲೆಟ್ ಕಡಿಮೆ ಇದೆ ಎಂಬ ಕಾರಣಕ್ಕೆ ತಲೆಯ ಸಿಟಿ ಸ್ಕ್ಯಾನ್ ಆಯಿತು, ರಕ್ತಸ್ರಾವ ಇರಲಿಲ್ಲ. ಜ್ವರವನ್ನು ಸನ್ನಿಯ ಲೆಕ್ಕಕ್ಕೆ ಬಿಡದೆ ಎದೆಯ ಎಕ್ಸ್‌ರೇ ತೆಗೆದಾಗ ಬಲ ಶ್ವಾಸಕೋಶದ ಬುಡದಲ್ಲಿ ನ್ಯುಮೋನಿಯಾ ಸಿಕ್ಕಿತು: ಫಿಟ್ಸ್ ವೇಳೆ ವಾಂತಿ ಒಳಗೆ ಹೋಗಿತ್ತು.

ಥಯಮಿನ್ ಶುರುವಾದ ಎರಡನೇ ದಿನ ಕಣ್ಣಿನ ಅದುರಾಟ ಅರ್ಧಕ್ಕಿಳಿಯಿತು. ಸನ್ನಿ ಇಳಿದದ್ದು ಶನಿವಾರ ಸಂಜೆ. ಹದಿನಾಲ್ಕು ಗಂಟೆ ನಿದ್ದೆ ಮಾಡಿ ಎದ್ದವನಿಗೆ ಬುಧವಾರದಿಂದೀಚೆಗಿನದು ಏನೂ ನೆನಪಿಲ್ಲ. ಚಿಕಿತ್ಸೆಯಿಲ್ಲದ ಕಾಲದಲ್ಲಿ ಈ ಸನ್ನಿಯಲ್ಲಿ ಹೃದಯ ಬಡಿತ ತಪ್ಪಿಯೋ ಸೋಂಕಿನಿಂದಲೋ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಸಾಯುತ್ತಿದ್ದರು. ಈಗ ಆಸ್ಪತ್ರೆ ತಲುಪಿದವರಲ್ಲಿ ನೂರಕ್ಕೆ ಒಂದರಿಂದ ಐದು.

ಬಟವಾಡೆಯ ಸಂಜೆ

ಹತ್ತನೇ ದಿನ ಮನೆಗೆ ಕಳಿಸುವಾಗ ಮೈ ಮದ್ಯ ಕೇಳುತ್ತಿರಲಿಲ್ಲ. ಮನಸ್ಸು ಕೇಳುವುದು ಬೇರೆ ಜಾಗದಿಂದ. ಮೆದುಳಿನ ನಡುವಿನಿಂದ ಮುಂಭಾಗದ ನ್ಯೂಕ್ಲಿಯಸ್ ಅಕ್ಯುಂಬೆನ್ಸ್‌ಗೆ ಹೋಗುವ ಡೋಪಮೈನ್ ದಾರಿಯನ್ನು ಮದ್ಯ, ಗಾಂಜಾ, ಅಫೀಮು, ತಂಬಾಕು ಎಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಕೆರಳಿಸುತ್ತವೆ. ಆಲ್ಕೋಹಾಲ್ ಅದನ್ನು ಭಾಗಶಃ ಮೈಯದೇ ಅಫೀಮಿನಂಥ ರಾಸಾಯನಿಕಗಳ ಮೂಲಕ ಮಾಡುತ್ತದೆ. ಮೊದಲ ವರ್ಷಗಳಲ್ಲಿ ಡೋಪಮೈನ್ ಉಕ್ಕುವುದು ಕುಡಿದಾಗ. ಆಮೇಲೆ ಅದು ಮುಂಚಿನ ಸುಳಿವಿಗೆ ಜಾರುತ್ತದೆ: ಸಂಜೆ ಆರರ ಹೊತ್ತು, ಇಳಿಸಿದ ಪಾಕದ ವಾಸನೆ, ಬಟವಾಡೆಯ ನೋಟು, ಅಂಗಡಿ ತಿರುವು. ಕುಡಿತದ ಸುಖ ಎಂದೋ ಕುಗ್ಗಿರುತ್ತದೆ, ಸುಳಿವಿನ ಎಳೆತ ಮಾತ್ರ ಬೆಳೆದಿರುತ್ತದೆ. "ಕುಡಿದರೂ ಖುಷಿ ಇಲ್ಲ, ಆದರೂ ಕಾಲು ಅತ್ತಲೇ ಹೋಗ್ತದೆ" ಎನ್ನುವವರು ನೆಪ ಹೇಳುತ್ತಿಲ್ಲ. ತಡೆಯಬೇಕಾದ ಹಣೆಯ ಹಿಂದಿನ ಮೆದುಳು ವರ್ಷಗಳ ಮದ್ಯದಿಂದ ಸೊರಗಿರುತ್ತದೆ.

ಈ ಎಳೆತ ತಗ್ಗಿಸುವ ಔಷಧಿಯ ಆಯ್ಕೆಯಲ್ಲಿ ಲಿವರ್ ಮತ್ತೆ ಅಡ್ಡ ಬಂತು. ನಾಲ್ಟ್ರೆಕ್ಸೋನ್ ದಿನಕ್ಕೆ 50 ಮಿ.ಗ್ರಾಂ ಒಳ್ಳೆಯದೇ, ಆದರೆ ಬಿಲಿರುಬಿನ್ ಏರಿರುವಾಗ ಶುರುಮಾಡಲು ಅವಸರ ಬೇಡ. ಗ್ಲುಟಮೇಟ್ ಕಡೆ ಕೆಲಸ ಮಾಡುವ ಅಕಾಂಪ್ರೊಸೇಟ್ ಮೂತ್ರಪಿಂಡದಿಂದ ಹೊರಹೋಗುತ್ತದೆ, ಲಿವರ್‌ಗೆ ಭಾರವಿಲ್ಲ. 333 ಮಿ.ಗ್ರಾಂ ಮಾತ್ರೆ ದಿನಕ್ಕೆ ಆರು ಎನ್ನುವುದು 60 ಕೆ.ಜಿ. ದಾಟಿದವರಿಗೆ, 51 ಕೆ.ಜಿ.ಯವನಿಗೆ ನಾಲ್ಕು: ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು, ರಾತ್ರಿ ಒಂದು.

ಹೆಂಡತಿಯ ಸೆರಗಿನ ಗಂಟಿನಲ್ಲಿ ಒಂದು ಪೊಟ್ಟಣವಿತ್ತು. ಸಾರಿನಲ್ಲಿ ಗೊತ್ತಾಗದ ಹಾಗೆ ಬೆರೆಸಿ ಎಂದು ಯಾರೋ ಕೊಟ್ಟ ಬಿಳಿ ಪುಡಿ. ಇಂಥ ಪುಡಿಗಳಲ್ಲಿ ಡೈಸಲ್ಫಿರಾಮ್ ಇರುವ ಸಾಧ್ಯತೆ ಇದೆ. ಅದು ಆಲ್ಕೋಹಾಲ್ ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡ್ ಕರಗದಂತೆ ತಡೆಯುತ್ತದೆ. ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ತಿಳಿದು, ಒಪ್ಪಿ ತೆಗೆದುಕೊಳ್ಳುವವನಿಗೆ ಅದು ಔಷಧಿ. ತಿಳಿಯದೆ ತಿಂದು, 2.9 ಪೊಟ್ಯಾಸಿಯಂ ಇಟ್ಟುಕೊಂಡು ಮೂರು ನೈಂಟಿ ಹಾಕಿದವನಿಗೆ ಅದು ಪ್ರಾಣಕ್ಕೇ ಬರಬಹುದು. ಪೊಟ್ಟಣವನ್ನು ಆಕೆಯಿಂದ ಕೇಳಿ ಪಡೆಯಲಾಯಿತು, ಬೈಯದೆ. ಬೈದರೆ ಮುಂದಿನದನ್ನು ಹೇಳುವುದಿಲ್ಲ. ಮೈಕೈ ನೋವಿಗೆಂದು ಅಂಗಡಿಯಿಂದ ತರುವ ಪ್ಯಾರಸಿಟಮಾಲ್ ಮೇಲೂ ಮಿತಿ ಹಾಕಲಾಯಿತು: ದಿನಕ್ಕೆ 2 ಗ್ರಾಂ ದಾಟುವಂತಿಲ್ಲ, ಕುಡಿತಕ್ಕೆ ಒಗ್ಗಿದ ಲಿವರ್ ಅದನ್ನು ವಿಷವಾಗಿ ತಿರುಗಿಸುವುದು ಹೆಚ್ಚು.

ಕೈಗೆ ಕೊಟ್ಟ ಚೀಟಿಯಲ್ಲಿ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ 'ಮನೋಚೈತನ್ಯ' ಹೊರರೋಗಿ ವಿಭಾಗ, ಇಷ್ಟೇ ಇತ್ತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: ಮತ್ತೆ ಕುಡಿದರೆ ಮನೆಯಲ್ಲಿ ತಾನಾಗಿ ನಿಲ್ಲಿಸಬೇಡಿ, ನಿಲ್ಲಿಸುವ ದಿನವೇ ಬನ್ನಿ.

ಏಳನೇ ವಾರ ಮಾರಿಹಬ್ಬ. ಮೂರು ದಿನ ಕುಡಿದ, ದಿನಕ್ಕೆ ನಾಲ್ಕು. ನಾಲ್ಕನೇ ಬೆಳಿಗ್ಗೆ ತಮ್ಮನೇ ಬೈಕಿನಲ್ಲಿ ಕರೆತಂದಾಗ ಕೊನೆಯ ಪ್ಯಾಕೆಟ್‌ಗೆ ಹತ್ತು ಗಂಟೆಯಾಗಿತ್ತು. ನಡುಕ ಐದನೇ ಗಂಟೆಗೇ ಶುರುವಾಗಿತ್ತು, ಕುಡಿದದ್ದು ಬರೀ ಮೂರೇ ದಿನವಾದರೂ. ಮೊದಲು ಥಯಮಿನ್, ಆಮೇಲೆ ಲೊರಾಜೆಪಾಮ್ ಮಾತ್ರೆ 2 ಮಿ.ಗ್ರಾಂ ಆರು ಗಂಟೆಗೊಮ್ಮೆ, ಐದು ದಿನದಲ್ಲಿ ಇಳಿಸಿ ನಿಲ್ಲಿಸಲಾಯಿತು. ಫಿಟ್ಸ್ ಇಲ್ಲ, ಸನ್ನಿ ಇಲ್ಲ. ಆರನೇ ದಿನ ಮನೆ.

ಆರು ತಿಂಗಳ ಹೊತ್ತಿಗೆ ಎಂಸಿವಿ 95, ಪ್ಲೇಟ್‌ಲೆಟ್ 1.6 ಲಕ್ಷ, ಎಎಸ್‌ಟಿ 48. ಕೆಂಪುಕಣದ ಆಯುಷ್ಯ 120 ದಿನ, ಹಳೆಯವೆಲ್ಲ ಹೋಗಿ ಹೊಸವು ಬಂದಿದ್ದವು. ಕಿರುಮೆದುಳಿನ ಕೋಶಗಳಿಗೆ ಆ ಭಾಗ್ಯವಿಲ್ಲ. ಹಿಮ್ಮಡಿಗೆ ಬೆರಳು ತಾಗಿಸಿ ನಡೆ ಎಂದರೆ ನಾಲ್ಕನೇ ಹೆಜ್ಜೆಗೆ ವಾಲುತ್ತಾನೆ. ಮೂರು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳಿದರೆ ಎರಡು ನೆನಪಿರುತ್ತವೆ, ಒಂದೊಂದು ದಿನ ಒಂದೇ. ಮಾತ್ರೆ ನುಂಗಿದ್ದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಮಗಳು ಗುರುತು ಹಾಕುತ್ತಾಳೆ. ಹೀಗೆ ವಾಲುವವನನ್ನು ಕೊಪ್ಪರಿಗೆ ಬಳಿ ನಿಲ್ಲಿಸುವಂತಿಲ್ಲ ಎಂದು ಆಲೆಮನೆ ಮಾಲೀಕರಿಗೆ ಬರೆದುಕೊಡಲಾಗಿದೆ. ಈಗ ಕೂತು ಬೆಲ್ಲದ ಅಚ್ಚು ತೂಗಿ ಕಟ್ಟುವ ಕೆಲಸ. ಪಾಕದವನಿಗಿಂತ ಕೂಲಿ ಕಡಿಮೆ, ಬಟವಾಡೆ ಹೆಂಡತಿಯ ಬ್ಯಾಂಕ್ ಖಾತೆಗೆ ಹೋಗುತ್ತದೆ.